ಕಾಳಿಗೊಂದು ಜಾಗ

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ನಾಯಿಗೆ ಯಾರೂ ಏನನ್ನೂ ಕಲಿಸುತ್ತಿರಲಿಲ್ಲ, ಮನೆಯೇ ಕಲಿಸುತ್ತಿತ್ತು. ರಾಣೆಬೆನ್ನೂರು ತಾಲ್ಲೂಕಿನ ನಮ್ಮ ಹಲಗೇರಿಯಲ್ಲಿ ಮನೆಯೆಂದರೆ ಮುಂದೆ ಕಟ್ಟೆ, ಕಟ್ಟೆ ದಾಟಿದರೆ ತಲೆಬಾಗಿಲು, ಒಳಗೆ ಕಾಲಿಟ್ಟ ಕೂಡಲೇ ದನ ಕಟ್ಟುವ ಅಂಕಣ, ಅಲ್ಲಿಂದ ಒಂದು ಮೆಟ್ಟಿಲು ಎತ್ತರಕ್ಕೆ ಪಡಸಾಲೆ, ಅದರಾಚೆ ಅಡುಗೆಮನೆ, ದೇವರ ಕೋಣೆ. ಹಿಂದೆ ಹಿತ್ತಲು, ಹಿತ್ತಲಿನ ಮೂಲೆಯಲ್ಲಿ ತಿಪ್ಪೆ. ನಾಯಿಯ ಸೀಮೆ ಕಟ್ಟೆಯಿಂದ ದನದ ಅಂಕಣದವರೆಗೆ. ಪಡಸಾಲೆಯ ಮೆಟ್ಟಿಲನ್ನು ಅದು ಹತ್ತುತ್ತಿರಲಿಲ್ಲ. ಬಣವೆಯ ಬುಡದಲ್ಲಿ ಹುಟ್ಟಿದ ಕುನ್ನಿ ತಾಯಿಯ ಹಿಂದೆ ಓಡಾಡಿ ಎಲ್ಲಿ ಮಲಗಬೇಕು, ಎಲ್ಲಿ ಉಣ್ಣಬೇಕು, ಯಾವ ಹೊಲದ ಬದುವಿಗೆ ಹೋಗಿ ಬರಬೇಕು ಎಂಬುದನ್ನೆಲ್ಲ ತಾನೇ ತಿಳಿದುಕೊಳ್ಳುತ್ತಿತ್ತು. ಅದರ ಉಚ್ಚೆ, ಹೇಲಿನ ಚಿಂತೆ ಮನೆಯವರಿಗೆ ಇರಲೇ ಇಲ್ಲ.

ಈಗ ಮನೆಗಳು ಬದಲಾಗಿವೆ. ಎತ್ತು ಕಟ್ಟುವ ಜಾಗದಲ್ಲಿ ಬೈಕು ನಿಂತಿದೆ, ಕಟ್ಟೆಯ ಜಾಗಕ್ಕೆ ಕಾಂಪೌಂಡು, ಗೇಟು ಬಂದಿವೆ. ಸಗಣಿ ಸಾರಿಸಿದ ನೆಲ ಹೋಗಿ ಟೈಲ್ಸ್ ಹಾಸಿದೆ. ನಾಯಿ ಮಾತ್ರ ಬೇಕು. ಹೊಲದ ಮನೆಯ ಕಾವಲಿಗೆ ಬೇಕು, ಮಕ್ಕಳ ಜೊತೆಗೆ ಬೇಕು, ಕತ್ತಲಾದ ಮೇಲೆ ಯಾರಾದರೂ ಗೇಟು ಸರಿಸಿದರೆ ಒಂದು ಸದ್ದು ಬೇಕು. ಆದರೆ ಕಟ್ಟೆ ಮತ್ತು ದನದ ಅಂಕಣ ಹೋದ ಮೇಲೆ ಒಳಗೂ ಅಲ್ಲದ ಹೊರಗೂ ಅಲ್ಲದ ಆ ನಡುವಿನ ಜಾಗ ನಾಯಿಗೆ ಇಲ್ಲವಾಯಿತು. ಗೇಟಿನ ಹೊರಗಿದ್ದರೆ ಬೀದಿನಾಯಿ, ಒಳಗೆ ಬಂದರೆ ಟೈಲ್ಸ್ ಮೇಲೆ ನಿಂತ ಅಪರಾಧಿ. ಮರಿಗೆ ಮನೆಯ ರೀತಿ ಕಲಿಸುವ ಕೆಲಸ ಶುರುವಾಗಬೇಕಾದದ್ದು ಇಲ್ಲಿಂದ: ಹೊಸ ಮನೆ ಕಿತ್ತುಕೊಂಡ ಜಾಗವನ್ನು ಅದಕ್ಕೆ ಮರಳಿ ಕೊಡುವುದರಿಂದ.

ನಮ್ಮ ಮನೆಗೆ ಮರಿ ಬಂದದ್ದು ಸೋದರಮಾವನ ಹೊಲದಿಂದ. ಗೋವಿನಜೋಳದ ಮೇವಿನ ಬಣವೆಯ ಮಗ್ಗುಲಲ್ಲಿ ಹಾಕಿದ ಮರಿಗಳಲ್ಲಿ ಇದೊಂದು ಹೆಣ್ಣು, ಮೂಗಿನಿಂದ ಬಾಲದ ತುದಿಯವರೆಗೆ ಕಪ್ಪು. ಮಗಳು ನೋಡಿದ ದಿನವೇ ಕಾಳಿ ಎಂದು ಹೆಸರಿಟ್ಟಳು. ಕನ್ನಡ ನಾಡಿನಲ್ಲಿ ಆ ಹೆಸರಿನ ನಾಯಿಗೆ ಸಾವಿರ ವರ್ಷದ ಕೀರ್ತಿ ಇದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 950ರ ಸುಮಾರಿನ ವೀರಗಲ್ಲು ಒಂದು ಬೇಟೆನಾಯಿಯ ನೆನಪಿಗೂ ನಿಂತದ್ದು. ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಏನು ಬೇಕು ಕೇಳು ಎಂದಾಗ ಅವನು ಕೇಳಿದ್ದು ರಾಜನ ಕಾಳಿ ಎಂಬ ನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಕಲ್ಲಿನ ಮೇಲೆ ನಾಯಿ ಮತ್ತು ಹಂದಿ ಇಂದಿಗೂ ಎದುರುಬದುರಾಗಿವೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಯಾರು ಬೇಕಾದರೂ ನೋಡಬಹುದು. ಒಂದು ಮೂಕಪ್ರಾಣಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟವರ ನಾಡು ಇದು ಎಂದು ಮಗಳಿಗೆ ಹೇಳಿದಾಗ ಅವಳು ಮರಿಯನ್ನು ಇನ್ನಷ್ಟು ಗಟ್ಟಿಯಾಗಿ ಅಪ್ಪಿಕೊಂಡಳು.

ಮಾವ ಮಾತ್ರ ಮರಿಯನ್ನು ಕೂಡಲೇ ಕೊಡಲಿಲ್ಲ. “ತಾಯಿ ಕಲಸೂದು ಮುಗೀಲಿ, ಆಮ್ಯಾಲ ನೀವು ಕಲಸರಿ” ಎಂದರು. ಎರಡು ತಿಂಗಳು ತುಂಬುವವರೆಗೂ ಅದು ತಾಯಿಯ ಬಳಿಯೇ ಇತ್ತು. ಕಾನೂನೂ ಇದನ್ನೇ ಹೇಳುತ್ತದೆ. ನಾಯಿ ತಳಿ ಬೆಳೆಸಿ ಮಾರುವವರಿಗಾಗಿ ಕೇಂದ್ರ ಸರ್ಕಾರ 2017ರಲ್ಲಿ ಮಾಡಿದ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಇದರ ಹಿಂದಿನ ಕಾರಣ ದೊಡ್ಡದು. ಹುಟ್ಟಿದ ಮೊದಲ ವಾರಗಳಲ್ಲಿ ಮರಿ ತಾನಾಗಿ ಉಚ್ಚೆ ಹೊಯ್ಯಲಾರದು. ತಾಯಿ ನೆಕ್ಕಿ ಹೊಯ್ಯಿಸುತ್ತಾಳೆ, ತಾನೇ ನುಂಗಿ ಗೂಡನ್ನು ಚೊಕ್ಕಟವಾಗಿಡುತ್ತಾಳೆ. ಮೂರು ವಾರದ ಹೊತ್ತಿಗೆ ಮರಿಗೆ ಕಾಲು ಬಲಿಯುತ್ತದೆ. ಆಗ ಅದು ತಡವರಿಸುತ್ತ ಮಲಗುವ ಜಾಗದಿಂದ ನಾಲ್ಕು ಹೆಜ್ಜೆ ಆಚೆ ಹೋಗಿ ಕೂರಲು ಶುರುಮಾಡುತ್ತದೆ. ಮಲಗುವ ತಾವನ್ನು ಹೊಲಸು ಮಾಡಬಾರದೆಂಬ ಅರಿವು ಹೀಗೆ ತಾಯಿಯ ಮಗ್ಗುಲಲ್ಲೇ ಮೂಡುತ್ತದೆ. ಒಡಹುಟ್ಟಿದ ಮರಿಗಳ ಜೊತೆ ಕಚ್ಚಾಡುತ್ತ ಎಷ್ಟು ಕಚ್ಚಿದರೆ ನೋವಾಗುತ್ತದೆ ಎಂಬುದೂ ಗೊತ್ತಾಗುತ್ತದೆ. ತಿಂಗಳಿಗೇ ಕಿತ್ತು ತಂದ ಮರಿ, ಸದಾ ಹೇಸಿಗೆಯ ಇಕ್ಕಟ್ಟಿನಲ್ಲಿ ಬೆಳೆದು ಮಾರಾಟಕ್ಕೆ ಬಂದ ಮರಿ, ಈ ಅರಿವನ್ನು ಕಳೆದುಕೊಂಡು ಬಂದಿರುತ್ತದೆ. ಅದಕ್ಕೆ ಕಲಿಸುವವರು ಎರಡು ಪಟ್ಟು ತಾಳ್ಮೆ ತಂದುಕೊಳ್ಳಬೇಕು.

ಮರಿ ಬರುವ ಮೊದಲೇ ರಾಣೆಬೆನ್ನೂರಿನ ವೆಲ್ಡಿಂಗ್ ಅಂಗಡಿಯೊಂದರಲ್ಲಿ ಕಬ್ಬಿಣದ ಗೂಡು ಮಾಡಿಸಿದ್ದೆವು. ಬೆಳೆದ ನಾಯಿ ತಲೆ ತಗ್ಗಿಸದೆ ನಿಲ್ಲುವಷ್ಟು ಎತ್ತರ, ಸುತ್ತ ತಿರುಗುವಷ್ಟು ಅಗಲ, ಕಾಲು ಚಾಚಿ ಮಲಗುವಷ್ಟು ಉದ್ದ. ಸರಳುಗಳ ಸಂದಿಯಲ್ಲಿ ಮರಿಯ ತಲೆ ಸಿಕ್ಕಿಕೊಳ್ಳಬಾರದೆಂದು ಸಣ್ಣ ಕಣ್ಣಿನ ಜಾಲರಿ. ಮರಿಗೆ ಅಷ್ಟು ಜಾಗ ಹೆಚ್ಚೇ; ಒಂದು ಮೂಲೆಯಲ್ಲಿ ಮಲಗಿ ಇನ್ನೊಂದು ಮೂಲೆಯನ್ನು ಬಚ್ಚಲು ಮಾಡಿಕೊಂಡುಬಿಡುತ್ತದೆ. ಅದಕ್ಕೆ ನಡುವೆ ಹಲಗೆಯೊಂದನ್ನು ಅಡ್ಡ ನಿಲ್ಲಿಸಿ, ಅದು ಬೆಳೆದಂತೆ ಹಿಂದಕ್ಕೆ ಸರಿಸುತ್ತ ಹೋದೆವು. ಒಳಗೆ ಗೋಣಿಚೀಲ, ಅದರ ಮೇಲೆ ಅವ್ವನ ಹಳೆಯ ಸೀರೆಯ ಕೌದಿ. ಮರಿ ತರುವ ಹಿಂದಿನ ದಿನ ಆ ಕೌದಿಯನ್ನು ಮಾವನ ಹೊಲಕ್ಕೆ ಒಯ್ದು ತಾಯಿ ಮಲಗುವಲ್ಲಿ ಹಾಸಿ ತಂದಿದ್ದೆವು. ಹೊಸ ಮನೆಯಲ್ಲಿ ಎಲ್ಲವೂ ಹೊಸತಾದರೂ ಹಾಸಿಗೆಯಲ್ಲಿ ತಾಯಿಯ ವಾಸನೆ ಇತ್ತು.

ಅವ್ವನಿಗೆ ಮೊದಲು ಇದು ಒಪ್ಪಿಗೆಯಾಗಲಿಲ್ಲ. “ಏನ್ ತಪ್ಪ ಮಾಡೇತಿ ಅಂತ ಕುನ್ನಿನ್ನ ಜೈಲಿನಾಗ ಹಾಕ್ತೀರಿ?” ಎಂದು ಕೇಳಿದಳು. ಬಹಳ ಜನರ ಮನಸ್ಸಿನಲ್ಲಿರುವ ಪ್ರಶ್ನೆ ಇದು. ಇದಕ್ಕೆ ಉತ್ತರ ನಮ್ಮ ಸೀಮೆಯ ಕುರಿಹಟ್ಟಿಗಳಲ್ಲೇ ಇದೆ. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ತರುಬುವ ಕುರುಬರು ಎಳೆಯ ಮರಿಗಳನ್ನು ಹಿಂಡಿನ ಜೊತೆ ಮೇಯಲು ಬಿಡುವುದಿಲ್ಲ. ಅವಕ್ಕೆ ಬೇರೆಯಾಗಿ ಒಂದು ಪುಟ್ಟ ಆವರಣ, ನೆರಳು, ಸೊಪ್ಪು. ಸಂಜೆ ತಾಯಂದಿರು ಮರಳಿದಾಗ ಬಾಗಿಲು ತೆರೆಯುತ್ತಾರೆ. 1974ರಲ್ಲಿ ಕೃಷ್ಣಮೃಗಗಳಿಗಾಗಿ ಅಭಯಾರಣ್ಯವಾದ ರಾಣೆಬೆನ್ನೂರಿನ ಕುರುಚಲು ಕಾಡಿನಲ್ಲಿ ತೋಳಗಳಿವೆ. ತೋಳ ಇರುವ ಸೀಮೆಯಲ್ಲಿ ಆ ಬೇಲಿಯೇ ಮರಿಯ ಪ್ರಾಣ. ಮರಿ ದಣಿದಾಗ ಯಾರೂ ತುಳಿಯದ, ಯಾರೂ ಎಳೆದಾಡದ, ವಿದ್ಯುತ್ ತಂತಿ ಕಚ್ಚುವ ಭಯವಿಲ್ಲದ ಒಂದು ತಾವು ಮನೆಯಲ್ಲೂ ಬೇಕು. ಅವ್ವ ಕುರಿಹಟ್ಟಿ ಕಂಡವಳು. ಈ ಮಾತು ಅವಳಿಗೆ ಹಿಡಿಸಿತು. ಗೂಡನ್ನು ಪಡಸಾಲೆಯ ಯಾವ ಮೂಲೆಯಲ್ಲಿಡಬೇಕೆಂದು ಅವಳೇ ತೋರಿಸಿದಳು: ಕಬ್ಬಿಣ ಕಾಯದಂತೆ ಬಿಸಿಲು ಬೀಳದ, ಗಾಳಿ ಆಡುವ, ಎಲ್ಲರೂ ಕಣ್ಣಿಗೆ ಬೀಳುವ ಮೂಲೆ.

ಗೂಡಿಗೆ ಒಗ್ಗಿಸುವುದರಲ್ಲಿ ಅವಸರ ಸಲ್ಲದು. ಮೊದಲಿಗೆ ಬಾಗಿಲನ್ನು ತೆರೆದೇ ಕಟ್ಟಿಬಿಡಬೇಕು, ಅದು ಬಡಿದು ಮರಿ ಬೆದರದಂತೆ. ಒಳಗೆ ರೊಟ್ಟಿಯ ಚೂರು ಎಸೆದರೆ ಮರಿ ಹೋಗುತ್ತದೆ, ತಿನ್ನುತ್ತದೆ, ಬರುತ್ತದೆ. ಆಮೇಲೆ ಊಟದ ತಾಟನ್ನು ಒಳಗೇ ಇಡಬೇಕು. ಉಣ್ಣುವಾಗ ಬಾಗಿಲು ಮುಂದೆ ಮಾಡಿ, ಉಂಡು ಮುಗಿಯುವ ಹೊತ್ತಿಗೆ ತೆರೆಯಬೇಕು. ದಿನ ಕಳೆದಂತೆ ಮುಚ್ಚಿರುವ ಹೊತ್ತನ್ನು ತುಸುತುಸುವೇ ಹೆಚ್ಚಿಸಬೇಕು. ಒಳಗೆ ಬಿಡುವಾಗ ಕೊರಳಪಟ್ಟಿ ತೆಗೆಯುವುದು ಒಳ್ಳೆಯದು. ಸರಳಿಗೆ ಸಿಕ್ಕಿಕೊಂಡರೆ ಉಸಿರುಗಟ್ಟುತ್ತದೆ. ಸಿಟ್ಟು ಬಂದಾಗ ಗೂಡಿಗೆ ತಳ್ಳುವುದನ್ನು ಮಾತ್ರ ಎಂದೂ ಮಾಡಬಾರದು. ಒಮ್ಮೆ ಅದು ಶಿಕ್ಷೆಯ ಜಾಗವಾದರೆ ಮತ್ತೆ ಮಲಗುವ ಜಾಗವಾಗುವುದು ಕಷ್ಟ.

ರಾತ್ರಿಯ ಅಳುವಿಗೆ ಎಲ್ಲರೂ ಹೆದರುತ್ತಾರೆ. ಅದು ಹಟದ ಅಳುವಲ್ಲ. ಹುಟ್ಟಿದಾಗಿನಿಂದ ಬೆಚ್ಚಗಿನ ಮೈಗಳ ನಡುವೆ ಮಲಗಿದ ಜೀವ ಮೊದಲ ಸಲ ಒಂಟಿಯಾಗಿರುತ್ತದೆ. ಮರಿಯನ್ನು ದೂರದ ಕೋಣೆಯಲ್ಲೋ ಮಾಳಿಗೆಯ ಮೇಲೋ ಬಿಟ್ಟು ‘ಅತ್ತು ಸುಮ್ಮನಾಗಲಿ’ ಎನ್ನುವುದು ಕಟುಕತನ. ನಮ್ಮಲ್ಲಿ ಗೂಡು ರಾತ್ರಿ ಹೊತ್ತು ಅವ್ವನ ಮಂಚದ ಪಕ್ಕಕ್ಕೆ ಬರುತ್ತಿತ್ತು. ಮರಿ ಕುಂಯ್ಗುಟ್ಟಿದರೆ ಅವ್ವ ಕೈ ಇಳಿಬಿಟ್ಟು ಜಾಲರಿಯ ಕಣ್ಣಿನಿಂದ ಬೆರಳು ತೋರುತ್ತಿದ್ದಳು; ಅಷ್ಟಕ್ಕೇ ಅದು ನಿದ್ದೆ ಹೋಗುತ್ತಿತ್ತು. ನಟ್ಟಿರುಳಿನಲ್ಲಿ ದನಿ ಬದಲಾಗಿ, ಎದ್ದು ನಿಂತು ಚಡಪಡಿಸಿದರೆ ಅದು ಹೊರಗೆ ಹೋಗುವ ಕರೆ. ಆಗ ಎತ್ತಿಕೊಂಡು ಹಿತ್ತಲಿಗೆ ಒಯ್ದು, ಕೆಲಸ ಮುಗಿಸಿದ ಮೇಲೆ ಆಟಕ್ಕೆ ಆಸ್ಪದ ಕೊಡದೆ ಮತ್ತೆ ಮಲಗಿಸಬೇಕು. ಮರಿ ಎಷ್ಟು ಹೊತ್ತು ತಡೆಯಬಲ್ಲದು ಎಂಬುದಕ್ಕೆ ಬಲ್ಲವರ ಲೆಕ್ಕವೊಂದಿದೆ: ವಯಸ್ಸಿನ ತಿಂಗಳಿಗೆ ಒಂದು ಕೂಡಿಸಿದರೆ ಬರುವಷ್ಟು ಗಂಟೆ. ಎರಡು ತಿಂಗಳಿನದಕ್ಕೆ ಹೆಚ್ಚೆಂದರೆ ಮೂರು ಗಂಟೆ. ಅದೂ ಮಲಗಿದ್ದಾಗ, ಎದ್ದು ಆಡುವಾಗ ಅರ್ಧ ಗಂಟೆಯೂ ತಡೆಯದು.

ಹಗಲಿನ ಪಾಠವೆಲ್ಲ ಗಮನಿಸುವುದರಲ್ಲಿದೆ. ಮರಿ ನಿದ್ದೆಯಿಂದ ಎದ್ದ ಕೂಡಲೇ, ಉಂಡ ಸ್ವಲ್ಪ ಹೊತ್ತಿಗೆ, ಆಟ ಜೋರಾದಾಗ, ಮಲಗುವ ಮುನ್ನ ಅದಕ್ಕೆ ಹೋಗಬೇಕಾಗುತ್ತದೆ. ಆಡುತ್ತಿದ್ದುದು ಥಟ್ಟನೆ ನಿಂತು ನೆಲ ಮೂಸಿ, ಒಂದೇ ಕಡೆ ಸುತ್ತ ತಿರುಗಿದರೆ ಇನ್ನು ಹೊತ್ತಿಲ್ಲ ಎಂದರ್ಥ. ಒಯ್ಯುವುದು ದಿನವೂ ಒಂದೇ ಬಾಗಿಲಿನಿಂದ, ಹಿತ್ತಲಿನ ಒಂದೇ ಮೂಲೆಗೆ. ಹಿಂದಿನ ವಾಸನೆ ಅಲ್ಲಿ ಉಳಿದಿರುತ್ತದೆ, ಅದೇ ಮರಿಗೆ ನೆನಪು ಮಾಡಿಕೊಡುತ್ತದೆ. ಬೀದಿಯ ಮೂಲೆ ಬೇಡ. ಪಾರ್ವೊ ಎಂಬ ರಕ್ತಭೇದಿಯ ರೋಗದ ವೈರಾಣು ಸೋಂಕಿದ ನಾಯಿಯ ಮಲದಿಂದ ಮಣ್ಣು ಸೇರಿ ತಿಂಗಳುಗಟ್ಟಲೆ ಬದುಕಿರುತ್ತದೆ. ಲಸಿಕೆಯ ಸುತ್ತು ಮುಗಿಯದ ಮರಿಗೆ ಆ ಮಣ್ಣೇ ಸಾವು ತರಬಹುದು. ಹಿತ್ತಲಿನಲ್ಲಿ ಕಾಳಿ ಕೂತು ಎದ್ದ ಕ್ಷಣವೇ “ಶಾಣ್ಯಾಕಿ ನೀ” ಎಂದು ಮಗಳು ಬೆನ್ನು ಸವರಿ ಒಂದು ಚೂರು ಕೊಡುತ್ತಿದ್ದಳು. ಮನೆಯೊಳಗೆ ಬಂದ ಮೇಲೆ ಕೊಟ್ಟರೆ ಆ ಮೆಚ್ಚುಗೆ ಒಳಗೆ ಬಂದದ್ದಕ್ಕೆ ಎಂದಾಗುತ್ತದೆ. ಮರಿಯ ಪ್ರಪಂಚದಲ್ಲಿ ಕೆಲಸಕ್ಕೂ ಫಲಕ್ಕೂ ನಡುವೆ ಒಂದೆರಡು ಕ್ಷಣಕ್ಕಿಂತ ಹೆಚ್ಚು ಅಂತರ ಇರಬಾರದು.

ಊಟದ ಹೊತ್ತು ಸರಿ ಇದ್ದರೆ ಹೊರಗೆ ಹೋಗುವ ಹೊತ್ತೂ ಸರಿಯಾಗುತ್ತದೆ. ಇಡೀ ದಿನ ತಾಟಿನಲ್ಲಿ ಅನ್ನ ಬಿದ್ದಿರುವ ಮನೆಯಲ್ಲಿ ಮರಿಯ ಹೊಟ್ಟೆಗೆ ಗಡಿಯಾರ ಇರುವುದಿಲ್ಲ. ದಿನಕ್ಕೆ ಮೂರು ನಾಲ್ಕು ಸಲ, ಗೊತ್ತಾದ ಹೊತ್ತಿಗೆ ಇಟ್ಟು, ಉಂಡು ಉಳಿದದ್ದನ್ನು ಎತ್ತಿಬಿಡಬೇಕು. ನೀರು ಮಾತ್ರ ಸದಾ ಇರಬೇಕು. ಮರಿ ಎಂದರೆ ಹಾಲು ಎಂಬ ರೂಢಿ ನಮ್ಮಲ್ಲಿದೆ. ತಾಯಿಹಾಲು ಬಿಟ್ಟ ಮರಿಗಳಲ್ಲಿ ಅನೇಕಕ್ಕೆ ಆಕಳ, ಎಮ್ಮೆಯ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ. ನಮ್ಮ ಪಲ್ಯ, ಸಾರುಗಳಲ್ಲಿ ಧಾರಾಳವಾಗಿ ಬೀಳುವ ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪುಕಣಗಳನ್ನೇ ಹಾಳುಮಾಡುತ್ತವೆ. ಉಳಿದ ಸಾರು ಕಲಸಿ ಹಾಕುವುದು ಪ್ರೀತಿಯಿಂದಲೇ, ಆದರೆ ಆ ಪ್ರೀತಿ ಅದಕ್ಕೆ ವಿಷ. ಹೊಟ್ಟೆ ಕೆಟ್ಟ ಮರಿಗೆ ಎಂಥ ಗುರುವೂ ಕಲಿಸಲಾರ.

ಎಷ್ಟು ಕಾದರೂ ಮರಿ ಒಂದು ದಿನ ಒಳಗೆ ಮಾಡಿಯೇ ಮಾಡುತ್ತದೆ. ಅಂಥ ಒಂದು ಹೊತ್ತಿನಲ್ಲಿ ಮನೆಗೆ ಬಂದಿದ್ದ ಹಿರಿಯರೊಬ್ಬರು ಹಳೆಯ ಕಾಲದ ಮದ್ದು ಹೇಳಿದರು: ಮೂಗು ಹಿಡಿದು ಅದಕ್ಕೇ ತಿಕ್ಕಿ, ಕಸಬರಿಗೆಯಿಂದ ಎರಡು ಬಿಡಿ. ಅವ್ವ ಅವರಿಗೆ ಕುಡಿಯಲು ನೀರು ಕೊಟ್ಟು ನಿಧಾನವಾಗಿ ಹೇಳಿದಳು: “ದೇವರಗುಡ್ಡದಾಗ ನಮ್ಮ ಮಾಲತೇಶನ ಮುಂದ ಗೊರವಪ್ಪನೂ ನಾಯಿ ಆಗಿ ನಿಂದರ್ತಾನ್ರಿ ಅಣ್ಣಾರ. ಅಂಥಾ ಜೀವದ ಮಾರಿ ಹೊಲಸಿಗೆ ಒತ್ತಬಾರದು.”

ಅವ್ವನ ಮಾತಿನ ಹಿಂದೆ ನಮ್ಮ ಸೀಮೆಯ ದೊಡ್ಡ ನಂಬಿಕೆಯಿದೆ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡ ಮೈಲಾರಲಿಂಗನ ಕ್ಷೇತ್ರ; ಅವ್ವ ಹೇಳಿದ ಮಾಲತೇಶ ಅವನೇ. ನವರಾತ್ರಿಯಲ್ಲಿ ಅಲ್ಲಿನ ಕಾರ್ಣಿಕ ಕೇಳಲು ರೈತರು ದೂರದೂರದಿಂದ ಬರುತ್ತಾರೆ. ಕಂಬಳಿಯ ನಿಲುವಂಗಿ ತೊಟ್ಟು, ಡಮರುಗ ಹಿಡಿದು, ಭಂಡಾರ ಬಳಿದುಕೊಂಡು ನಿಲ್ಲುವ ಗೊರವರು ಮೈಲಾರನ ನಾಯಿಗಳೆಂದೇ ತಮ್ಮನ್ನು ಕರೆದುಕೊಳ್ಳುತ್ತಾರೆ. ಹರಕೆಯ ದಿನ ಮರದ ದೋಣಿಯಲ್ಲಿ ಹಾಲು, ಬಾಳೆಹಣ್ಣು, ಸಕ್ಕರೆ ತುಂಬಿ ಇಟ್ಟರೆ ಅವರು ಮೊಣಕಾಲೂರಿ, ಬೊಗಳುತ್ತ, ಗುರುಗುಟ್ಟುತ್ತ ಬಾಯಿಯಿಂದಲೇ ಉಣ್ಣುತ್ತಾರೆ. ಭಕ್ತರು ಕೈಮುಗಿಯುತ್ತಾರೆ. ಸ್ವಾಮಿಯ ಬಾಗಿಲು ಬಿಟ್ಟು ಕದಲದ ನಿಷ್ಠೆಗೆ ನಾಯಿಗಿಂತ ದೊಡ್ಡ ಹೆಸರು ನಮ್ಮ ಹಿರಿಯರಿಗೆ ಸಿಗಲಿಲ್ಲ. ವರ್ಷಕ್ಕೊಮ್ಮೆ ಗುಡ್ಡದ ಮೇಲೆ ತೋರುವ ಈ ಗೌರವವನ್ನು ದಿನವೂ ಮನೆಯ ಮರಿಯ ಮುಂದೆ ತೋರಬೇಕೆಂಬುದು ಅವ್ವನ ನೇರ ತಿಳಿವಳಿಕೆ.

ವಿಜ್ಞಾನವೂ ಅವ್ವನ ಪರವಾಗಿಯೇ ನಿಲ್ಲುತ್ತದೆ. ಹೊಲಸು ಮಾಡಿದ ನಾಯಿ ಕಿವಿ ಒರಗಿಸಿ, ಕಣ್ಣು ತಪ್ಪಿಸಿ, ಬಾಲ ಮುದುರಿ ನಿಂತಾಗ ‘ತಪ್ಪು ಮಾಡಿದ್ದು ಅದಕ್ಕೆ ಗೊತ್ತು’ ಎನ್ನುತ್ತೇವೆ. ನ್ಯೂಯಾರ್ಕಿನ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಸ್ 2009ರಲ್ಲಿ 14 ಸಾಕುನಾಯಿಗಳ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿದರು. ಬೇಡವೆಂದ ತಿಂಡಿಯನ್ನು ತಿಂದ ನಾಯಿಗೂ ತಿನ್ನದ ನಾಯಿಗೂ ಆ ಮುಖಭಾವದಲ್ಲಿ ವ್ಯತ್ಯಾಸ ಕಾಣಲಿಲ್ಲ; ಒಡೆಯರು ಬೈದಾಗ ಅದು ಕಂಡಿತು. ತಪ್ಪೇ ಮಾಡದೆ ಬೈಸಿಕೊಂಡ ನಾಯಿಗಳಲ್ಲಿ ಇನ್ನೂ ಹೆಚ್ಚಾಗಿ ಕಂಡಿತು. ಅಂದರೆ ಅದು ಪಶ್ಚಾತ್ತಾಪವಲ್ಲ, ನಮ್ಮ ಸಿಟ್ಟಿನ ಭಯ. ಹೊಡೆದರೆ ಮರಿ ಕಲಿಯುವುದು ಇಷ್ಟೇ: ಇವರ ಕಣ್ಣೆದುರು ಉಚ್ಚೆ ಹೊಯ್ಯುವುದು ಅಪಾಯ. ಆಮೇಲೆ ಅದು ಹಿತ್ತಲಿನಲ್ಲೂ ನಮ್ಮ ಮುಂದೆ ಹೊಯ್ಯದೆ ಮಂಚದ ಕೆಳಗೆ, ಚೀಲಗಳ ಮರೆಯಲ್ಲಿ ಜಾಗ ಹುಡುಕುತ್ತದೆ.

ಒಳಗೆ ಮಾಡಿದ್ದಕ್ಕೆ ಮದ್ದು ನೆಲ ಒರೆಸುವುದು ಮಾತ್ರ, ಅದೂ ವಾಸನೆ ಉಳಿಯದಂತೆ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಐವತ್ತು ಅರವತ್ತು ಲಕ್ಷವೆಂದರೆ ನಾಯಿಯ ಮೂಗಿನಲ್ಲಿ 20–30 ಕೋಟಿ ಎಂಬ ಅಂದಾಜಿದೆ. ಫಿನೈಲ್ ಹೊಯ್ದರೆ ನಮಗೆ ವಾಸನೆ ಹೋಗುತ್ತದೆ, ಅದಕ್ಕೆ ಹೋಗುವುದಿಲ್ಲ. ಮೇಲಾಗಿ ಒದ್ದೆ ನೆಲ ತುಳಿದ ಪಾದವನ್ನು ಮರಿ ನೆಕ್ಕಿದರೆ ಹೊಟ್ಟೆಗೆ ಕೇಡು. ಸೋಪಿನ ನೀರಿನಿಂದ ತೊಳೆದು, ವಿನೆಗರ್ ಬೆರೆಸಿದ ನೀರಿನಿಂದ ಒರೆಸಿ ಒಣಗಿಸಿದರೆ ಆ ಜಾಗ ಮತ್ತೆ ಮರಿಯನ್ನು ಕರೆಯುವುದಿಲ್ಲ.

ಗೂಡಿನ ಬಗ್ಗೆ ಒಂದು ಎಚ್ಚರದ ಮಾತು ಹೇಳಲೇಬೇಕು. ಅಮೆರಿಕದಲ್ಲಿ ಗೂಡಿನ ಅಭ್ಯಾಸ ಮನೆಮನೆಯ ಸಂಗತಿ. ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ಪ್ರಯಾಣ, ಸ್ಪರ್ಧೆಗಳಂಥ ಸಂದರ್ಭ ಬಿಟ್ಟರೆ ನಾಯಿಯನ್ನು ಪಂಜರದಲ್ಲಿ ಕೂಡಿಹಾಕುವುದನ್ನು ಕಾನೂನು ಒಪ್ಪುವುದಿಲ್ಲ. ನಮ್ಮಲ್ಲೂ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮು, ಮೈ ಆಡಿಸಲು ಸಾಲದ ಪಂಜರದಲ್ಲಿ ಪ್ರಾಣಿಯನ್ನು ಇಡುವುದನ್ನೂ, ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಯನ್ನು ಅಡ್ಡಾಡಿಸದೆ ಇರುವುದನ್ನೂ ಅಪರಾಧ ಎನ್ನುತ್ತದೆ. ತಗಡಿನ ನೆರಳಿನಲ್ಲಿ ಮಾರುದ್ದದ ಸರಪಳಿಗೆ ಬಿಗಿದ ನಾಯಿಗಳನ್ನು ನಾನು ದಿನವೂ ಕಾಣುತ್ತೇನೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಬೆಳಿಗ್ಗೆ ಮುಚ್ಚಿ ಸಂಜೆ ತೆರೆಯುವ ಗೂಡು ಆ ಸರಪಳಿಯ ಇನ್ನೊಂದು ರೂಪವೇ. ಹಗಲೆಲ್ಲ ಹೊಲಕ್ಕೋ ನೌಕರಿಗೋ ಹೋಗುವ, ಮನೆಯಲ್ಲಿ ಯಾರೂ ಇರದ ಕುಟುಂಬಕ್ಕೆ ಗೂಡು ಉತ್ತರವಲ್ಲ. ಮರಿ ಕಲಿಯುವ ಕೆಲವು ತಿಂಗಳು ಬಾಗಿಲಿಗೆ ಚಿಲಕ ಬೇಕು. ಕಲಿತ ಮೇಲೆ ಚಿಲಕದ ಕೆಲಸ ಮುಗಿಯಿತು, ಗೂಡು ಉಳಿಯಿತು. ನಮ್ಮ ಕಾಳಿಯ ಗೂಡಿಗೆ ಈಗ ಬಾಗಿಲೇ ಇಲ್ಲ. ಮನೆಯಲ್ಲಿ ನೆಂಟರ ಗದ್ದಲ ಹೆಚ್ಚಾದರೆ, ದೀಪಾವಳಿಯ ಪಟಾಕಿ ಹಾರಿದರೆ, ಅದು ತಾನಾಗಿ ಹೋಗಿ ಕೌದಿಯ ಮೇಲೆ ಮಲಗುತ್ತದೆ. ಅಲ್ಲಿದ್ದಾಗ ಅದನ್ನು ಯಾರೂ ಮುಟ್ಟಬಾರದೆಂಬುದು ಮಗಳು ಮಾಡಿದ ಕಟ್ಟಳೆ. ದೊಡ್ಡವರೂ ಪಾಲಿಸುತ್ತೇವೆ.

ಮರಿಗೆ ಕಲಿಸುತ್ತ ಮನೆಯೂ ಒಂದು ಶಿಸ್ತಿಗೆ ಬರುತ್ತದೆ. ಬೆಳಕು ಹರಿಯುವ ಮುನ್ನ ಹಿತ್ತಲಿನ ಬಾಗಿಲು ತೆರೆಯುವವರು ಯಾರು, ಮಧ್ಯಾಹ್ನದ ಊಟ ಇಡುವವರು ಯಾರು, ರಾತ್ರಿ ಏಳುವವರು ಯಾರು ಎಂಬುದು ಗೊತ್ತಾಗಿರಬೇಕು. ಒಬ್ಬರು ಬೈದು ಇನ್ನೊಬ್ಬರು ಮುದ್ದು ಮಾಡಿದರೆ ಮರಿಗೆ ದಿಕ್ಕು ತಿಳಿಯದು. ಎಲ್ಲರೂ ಒಂದೇ ಮಾತು, ಒಂದೇ ದಾರಿ ಹಿಡಿದರೆ ನಾಲ್ಕರಿಂದ ಆರು ತಿಂಗಳೊಳಗೆ ಬಹುಪಾಲು ಮರಿಗಳು ತಾವಾಗಿ ಹಿತ್ತಲಿನ ಬಾಗಿಲ ಬಳಿ ಹೋಗಿ ನಿಲ್ಲುತ್ತವೆ.

ಮಳೆಗಾಲ ಹಿಂದಾಗಿ ಚಳಿ ಹಿಡಿಯುವ ಹೊತ್ತಿಗೆ ನಮ್ಮೂರುಗಳ ಬಣವೆಗಳ ಬುಡದಲ್ಲಿ, ಕಟ್ಟುತ್ತಿರುವ ಮನೆಗಳ ಮರಳಿನ ಗುಡ್ಡೆಗಳಲ್ಲಿ ಮರಿಗಳು ಕಣ್ಣು ಬಿಡುತ್ತವೆ. ಮಕ್ಕಳು ಒಂದನ್ನು ಎತ್ತಿಕೊಂಡು ಬಂದು ‘ಇಟ್ಟುಕೊಳ್ಳೋಣ’ ಎನ್ನುತ್ತಾರೆ. ಹೂಂ ಎನ್ನುವ ಮೊದಲು ಮನೆಯವರೆಲ್ಲ ಕೂತು ಅದರ ಮಲಗುವ ಮೂಲೆ, ಹೊರಗೆ ಹೋಗುವ ಬಾಗಿಲು, ನಡುರಾತ್ರಿ ಏಳುವ ಕೈ, ಈ ಮೂರನ್ನು ಗೊತ್ತುಮಾಡಿಕೊಳ್ಳಿ. ಮೂರೂ ಇದ್ದರೆ ಎಂಟು ವಾರ ತುಂಬಿದ ಮೇಲೆ ಸಂತೋಷವಾಗಿ ತನ್ನಿ. ಪಶುವೈದ್ಯರ ಬಳಿಗೆ ಒಯ್ದು ಲಸಿಕೆ ಹಾಕಿಸಿ, ಹೆಣ್ಣೆಂದು ಹಿಂಜರಿಯಬೇಡಿ, ಸಂತಾನಹರಣ ಶಸ್ತ್ರಚಿಕಿತ್ಸೆ ಇದೆ. ಮೂರರಲ್ಲಿ ಒಂದು ಇಲ್ಲದಿದ್ದರೂ ಮರಿಯನ್ನು ತಾಯಿಯ ಬಳಿಯೇ ಬಿಟ್ಟು, ದಿನಾ ಒಂದು ರೊಟ್ಟಿ, ಒಂದು ಬೋಗುಣಿ ನೀರು ಇಡಿ, ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಿ. ಅದೂ ಸಾಕುವುದೇ, ಅದಕ್ಕೂ ಪುಣ್ಯವಿದೆ.